ಬೇಡ ಎನ್ನಬೇಕಿದ್ದ ಬೊಂಬೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಧಾನಸಭೆ ಚುನಾವಣೆಗೆ ನಿಲ್ಲುವವನಿದ್ದ. ಯಾವ ಕ್ಷೇತ್ರ ಎಂದು ಹೇಳುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕರಲ್ಲಿ ಒಂದು ಎಂದಿಟ್ಟುಕೊಳ್ಳಿ. ನಾಲ್ಕೂ ಕಡೆಯವರು ಇದು ನಮ್ಮವನದೇ ಕಥೆ ಎಂದುಕೊಂಡರೆ ನನ್ನದೇನೂ ತಕರಾರಿಲ್ಲ. ಅವನು ಒಂದು ಸಲ ಗೆದ್ದಿದ್ದ, ಒಂದು ಸಲ ಸೋತಿದ್ದ, ಈಗ ಮೂರನೇ ಸಲಕ್ಕೆ ತಯಾರಿ ನಡೆಸಿದ್ದ. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಹತ್ತಿರ ಕನ್ನಡ ಕಲಿತವನು. ಕಲಿತವನು ಎಂದರೆ, ನಾನು ಪಾಠ ಮಾಡುವಾಗ ಅದೇ ಕೋಣೆಯಲ್ಲಿ ಕೂತಿದ್ದವನು.

ಆಗಿನಿಂದಲೂ ಅವನಿಗೊಂದು ಗುಣ. ಯಾರು ಏನು ಕೇಳಿದರೂ ತಲೆಯಾಡಿಸಿ ಹೂಂ ಎನ್ನುವುದು. ಪದ್ಯ ಬಾಯಿಪಾಠ ಆಯಿತೇ ಎಂದರೆ ಹೂಂ. ಹಾಗಾದರೆ ಹೇಳು ಎಂದರೆ ಎದ್ದು ನಿಂತು ಮೊದಲ ಸಾಲು ಹೇಳಿ, ಉಳಿದದ್ದಕ್ಕೆ ನನ್ನ ಮುಖವನ್ನೇ ಆಸೆಯಿಂದ ನೋಡುತ್ತಿದ್ದ. ಬೈಯಲು ಮನಸ್ಸು ಬರುತ್ತಿರಲಿಲ್ಲ. ಶಾಸಕನಾದ ಮೇಲೂ ಗುಣ ಬದಲಾಗಲಿಲ್ಲ. ಮೇಲಿನ ಬೀದಿಯವರು ನೀರಿನ ಟ್ಯಾಂಕು ನಮ್ಮ ಕಡೆ ಕಟ್ಟಿಸಿ ಎಂದಾಗ ಹೂಂ ಎಂದ, ಅದೇ ದಿನ ಕೆಳಗಿನ ಬೀದಿಯವರು ನಮ್ಮ ಕಡೆ ಎಂದಾಗಲೂ ಹೂಂ ಎಂದ. ಟ್ಯಾಂಕು ಎರಡೂ ಕಡೆ ಬರಲಿಲ್ಲ. ಜನ ಅವನನ್ನು ಸೋಲಿಸಿದರು. ಸೋಲಿಸಿದ ಮೇಲೆ, ಪಾಪ ಒಳ್ಳೆಯವನು ಕಣ್ರೀ ಎಂದು ಮರುಗಿದರು.

ಒಂದು ಬೆಳಿಗ್ಗೆ ಅವನು ಬಗಲಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು ನಮ್ಮ ಮನೆಗೆ ಬಂದ. ಕಾಲಿಗೆ ಬಿದ್ದ, ಕಾಫಿ ಕುಡಿದ, ನನ್ನ ಹೆಂಡತಿಯ ಮಂಡಿನೋವು ವಿಚಾರಿಸಿದ. ಆಮೇಲೆ ವಿಷಯಕ್ಕೆ ಬಂದ.

"ಸಾ, ಡ್ರಗ್ಸ್ ಬಗ್ಗೆ ನನ್ ನಿಲುವು ಏನು ಅಂತ ಒಸಿ ಬರ್ಕೊಡಿ."

ನಿನ್ನ ನಿಲುವನ್ನು ನಾನು ಹೇಗಪ್ಪಾ ಬರೆಯಲಿ ಎಂದೆ. ಅವನು ಒಂದಿಷ್ಟೂ ನಾಚದೆ, "ನಿಲುವು ಐತೆ ಸಾ. ಮಾತಿಲ್ಲ ಅಷ್ಟೇ" ಎಂದ.

ವಿಷಯ ಸುಳ್ಳಲ್ಲ ಎನ್ನುವುದನ್ನು ಮಾತ್ರ ಒಪ್ಪಬೇಕು. ಹಿಂದಿನ ಎರಡು ಸಲ ಅವನು ಓಟು ಕೇಳಲು ಹೋದಾಗ ಹೆಂಗಸರು ನೀರು, ರಸ್ತೆ, ರೇಷನ್ ಕಾರ್ಡು ಎನ್ನುತ್ತಿದ್ದರಂತೆ. ಈ ಸಲ ಸ್ತ್ರೀಶಕ್ತಿ ಸಂಘದವರು ಬಾಗಿಲಲ್ಲೇ ನಿಲ್ಲಿಸಿ, ನಮ್ಮ ಹುಡುಗರು ಗಾಂಜಾ ಎಳೆಯುತ್ತಾರೆ, ಮಾತ್ರೆ ನುಂಗುತ್ತಾರೆ, ನೀವೇನು ಮಾಡುತ್ತೀರಿ ಎಂದು ಕೇಳುತ್ತಿದ್ದರಂತೆ. ಬಿಡದಿ, ಹಾರೋಹಳ್ಳಿಯ ಕಡೆಯಲ್ಲಂತೂ ಪ್ರತಿ ಬೀದಿಯಲ್ಲೂ ಇದೇ ಮಾತು. ಅವನು ಎಂದಿನಂತೆ ಹೂಂ ಎಂದು ಬಂದಿದ್ದ. ಆದರೆ ಈ ಹೆಂಗಸರು ಹೂಂ ಎಂದರೆ ಸುಮ್ಮನಾಗುವವರಲ್ಲ, ಏನು ಹೂಂ ಎಂದು ಕೇಳುವವರು. ಅದಕ್ಕೇ ಮೇಷ್ಟ್ರ ನೆನಪಾಗಿತ್ತು.

ಈ ವಿಷಯದಲ್ಲಿ ಹಿಂದೆ ಏನು ಮಾಡಿದ್ದೀಯ ತೋರಿಸು ಎಂದೆ. ಅವನು ಹೆಮ್ಮೆಯಿಂದ ಫೈಲು ಬಿಚ್ಚಿದ. ಎಲ್ಲವೂ ಫೋಟೋ. ಮೊದಲನೆಯದರಲ್ಲಿ ವ್ಯಸನಮುಕ್ತಿ ಜಾಥಾ. ಮುಂದೆ ಅವನು, ಹಿಂದೆ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡ ಶಾಲೆಯ ಮಕ್ಕಳು. ಎಲ್ಲರ ತಲೆಯ ಮೇಲೂ ಬಿಳಿ ಟೋಪಿ. ಆ ಟೋಪಿಗಳನ್ನೂ ದಾರಿಯುದ್ದಕ್ಕೂ ಮಜ್ಜಿಗೆಯನ್ನೂ ಕೊಟ್ಟವರು ಊರಿನಲ್ಲಿ ಎರಡು ಬಾರ್ ನಡೆಸುವ ಧಣಿ ಎಂಬುದು ನನಗೆ ಗೊತ್ತಿತ್ತು. ಎರಡನೆಯದು ದೀಪ ಬೆಳಗುವುದು, ಮೂರನೆಯದು ಪ್ರಮಾಣವಚನ. ನಾಲ್ಕನೆಯದು ವ್ಯಸನಿಗಳ ಚಿಕಿತ್ಸೆಗೆಂದು ಹೊಸ ವಾರ್ಡು ಕಟ್ಟಲು ಶಂಕುಸ್ಥಾಪನೆ. ಆ ಕಲ್ಲು ಇಂದಿಗೂ ಖಾಲಿ ಜಾಗದಲ್ಲಿ ಒಂಟಿಯಾಗಿ ನಿಂತಿದೆ. ಎಳನೀರು ಮಾರುವವನು ಅದಕ್ಕೆ ಬೆನ್ನು ಕೊಟ್ಟು ಕೂರುತ್ತಾನೆ. ಕೊನೆಯಲ್ಲಿ ವಿಧಾನಸಭೆಯಲ್ಲಿ ಅವನು ಕೇಳಿದ ಒಂದೇ ಒಂದು ಪ್ರಶ್ನೆಯ ಪ್ರತಿ ಇತ್ತು. ಪರಿಶೀಲಿಸಲಾಗುವುದು ಎಂದು ಉತ್ತರ ಬಂದಿತ್ತು.

ಇಷ್ಟರಿಂದ ಯಾರಾದರೂ ಚಟ ಬಿಟ್ಟರೇನಪ್ಪಾ ಎಂದು ಕೇಳಿದೆ. ಅವನು ಪ್ರಾಮಾಣಿಕವಾಗಿ ಯೋಚಿಸಿದ. "ನಮ್ ಡ್ರೈವರ್ ಗುಟ್ಕಾ ಬುಟ್ಟವ್ನೆ ಸಾ" ಎಂದ. ನಾನು ಕಿಟಕಿಯಿಂದ ಇಣುಕಿದೆ. ಡ್ರೈವರು ಜೀಪಿನ ಪಕ್ಕ ನಿಂತು ನಮ್ಮ ಕಾಂಪೌಂಡಿನ ಬುಡಕ್ಕೆ ಕೆಂಪಗೆ ಉಗಿಯುತ್ತಿದ್ದ. ಇಬ್ಬರೂ ನೋಡಿದೆವು, ಇಬ್ಬರೂ ಮಾತು ಬೇರೆ ಕಡೆ ತಿರುಗಿಸಿದೆವು.

ಇಷ್ಟೆಲ್ಲ ನೋಡಿದ ಮೇಲೂ ನಾನು ಯಾಕೆ ಒಪ್ಪಿಕೊಂಡೆ ಎಂದು ನೀವು ಕೇಳಬಹುದು. ಮೂವತ್ತು ವರ್ಷಕ್ಕೂ ಮೇಲೆ ಬೇರೆಯವರ ವಾಕ್ಯಗಳನ್ನು ಕೆಂಪು ಇಂಕಿನಲ್ಲಿ ತಿದ್ದಿದವನು ನಾನು. ನನ್ನ ವಾಕ್ಯವನ್ನು ಅಚ್ಚು ಹಾಕಿಸುತ್ತೇನೆ ಎಂದು ಯಾರೂ ಅಲ್ಲಿಯವರೆಗೆ ಬಂದಿರಲಿಲ್ಲ. ಇವನು ಸಾವಿರಾರು ಮನೆಗೆ ಹಂಚಿಸುತ್ತೇನೆ ಎಂದ. ಅಷ್ಟು ಸಾಕಾಯಿತು. ನನ್ನ ಹೆಂಡತಿ ಅಡುಗೆಮನೆಯಿಂದಲೇ, ಆಗ ಅವನ ಹೋಂವರ್ಕು ಅವನ ಅಕ್ಕ ಮಾಡಿಕೊಡುತ್ತಿದ್ದಳು, ಈಗ ನೀವು ಮಾಡಿಕೊಡಿ ಎಂದಳು. ನಾನು ಕೇಳಿಸದವನಂತೆ ಕನ್ನಡಕ ಒರೆಸಿಕೊಂಡೆ.

ಎರಡು ದಿನ ಕೂತು ಬರೆದೆ. ಮೊದಲ ಪ್ಯಾರಾದಲ್ಲಿ ಚಿಕಿತ್ಸಾ ವಾರ್ಡು ಕಟ್ಟಿಸಿಯೇ ತೀರುತ್ತೇನೆ ಎಂಬ ಭರವಸೆ ಇತ್ತು. ಆದರೆ ಓದಿದರೆ ಸಪ್ಪೆ ಎನಿಸಿತು. ಎರಡನೇ ಪ್ಯಾರಾಕ್ಕೆ ಒಂದು ಗುಡುಗು ಬೇಕಿತ್ತು. ಬರೆದೆ: "ನಿಮ್ಮ ಬೀದಿಯ ವ್ಯಸನಿ ಯಾರೆಂದು ನಿಮಗೆ ಗೊತ್ತು. ಅವನ ಹೆಸರು ನಮಗೆ ಕೊಡಿ. ಮುಂದಿನದನ್ನು ಕಾನೂನು ನೋಡಿಕೊಳ್ಳುತ್ತದೆ." ಬರೆದು ಜೋರಾಗಿ ಓದಿಕೊಂಡೆ. ಮೂರು ಪುಟ್ಟ ವಾಕ್ಯ, ಒಂದಕ್ಕಿಂತ ಒಂದು ಬಿಗಿ. ಐದಾರು ಸಲ ಓದಿಕೊಂಡೆ. ಮಾದಕ ವಸ್ತು ಕೆಟ್ಟದ್ದು ಎನ್ನುವುದರಾಚೆ ನನ್ನ ಶಿಷ್ಯನಿಗೆ ನಿಲುವೇ ಇರಲಿಲ್ಲ. ಅವನು ಯಾರ ಹೆಸರನ್ನೂ ಕೇಳಿರಲಿಲ್ಲ, ಯಾರನ್ನೂ ಹಿಡಿಸಬೇಕೆಂದಿರಲಿಲ್ಲ. ಆ ಪಟ್ಟಿ, ಆ ಬೆದರಿಕೆ ಎರಡೂ ನನ್ನವು. ವಾಕ್ಯ ಚೆನ್ನಾಗಿ ಕೂರಲಿ ಎಂದು ಸೇರಿಸಿದ್ದೆ.

ಕರಪತ್ರ ಸಿದ್ಧವಾದ ಮೇಲೆ ಅವನಿಗೆ ಇನ್ನೊಂದು ಯೋಚನೆ ಬಂತು. ಬರೀ ಕಾಗದ ಕೊಟ್ಟರೆ ಜನ ಬೋಂಡಾ ಕಟ್ಟುತ್ತಾರೆ, ಜೊತೆಗೆ ಏನಾದರೂ ವಸ್ತು ಇರಬೇಕು, ಚುನಾವಣೆ ಘೋಷಣೆಯಾದ ಮೇಲೆ ಕಡ್ಡಿಯನ್ನೂ ಹಂಚುವ ಹಾಗಿಲ್ಲ, ಅದಕ್ಕೆ ಮೊದಲೇ ಜಾಗೃತಿ ಎಂದು ಹಂಚಿಬಿಡಬೇಕು ಎಂದ. ನಮ್ಮ ಕಡೆಯ ವಸ್ತು ಎಂದರೆ ಬೊಂಬೆ. ನಮ್ಮ ಎದುರುಮನೆಯಲ್ಲೇ ಬೊಂಬೆ ಮಾಡುವವರಿದ್ದರು.

ಅವರನ್ನು ನಾನು ಭಾಯಿ ಎನ್ನುತ್ತೇನೆ. ಚನ್ನಪಟ್ಟಣದವರು; ಹೆಂಡತಿಯ ಊರೆಂದು ಇಲ್ಲಿಗೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಮರ ಕಡೆಯುವ ಲೇತು ಹಾಕಿಕೊಂಡವರು. ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತುವಾಗ ಬರುವ ವಾಸನೆ ನಮ್ಮ ಮನೆಯ ಹಜಾರದವರೆಗೂ ಬರುತ್ತದೆ. ಇಪ್ಪತ್ತು ವರ್ಷಗಳಿಂದ ನಾಲ್ಕು ಗಂಟೆಯ ಟೀ ನಾವಿಬ್ಬರೂ ಒಟ್ಟಿಗೆ ಕುಡಿಯುತ್ತಿದ್ದೆವು, ಒಂದು ದಿನ ನಮ್ಮ ಜಗಲಿ, ಒಂದು ದಿನ ಅವರದು. ಅವರ ಮಗನಿಗೆ ಮೂವತ್ತರ ಆಸುಪಾಸು. ಬಿಡದಿಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವನು ಬೆನ್ನುನೋವೆಂದು ಬಿಟ್ಟು ಬಂದು, ಒಳಕೋಣೆಯಲ್ಲೇ ಇರುತ್ತಿದ್ದ. ನನಗೆ ಗೊತ್ತಿದ್ದದ್ದು ಅಷ್ಟೇ. ಹುಡುಗರ ಮುಖ ನೋಡಿಯೇ ಯಾರು ಓದಿಲ್ಲ ಎಂದು ಹೇಳುತ್ತೇನೆಂದು ಬೀಗುತ್ತಿದ್ದವನಿಗೆ ಎದುರುಮನೆಯ ಮುಚ್ಚಿದ ಬಾಗಿಲು ಏನನ್ನೂ ಹೇಳಲಿಲ್ಲ.

ಬೊಂಬೆಗೆ ತನ್ನ ಮುಖವೇ ಇರಲಿ ಎಂದು ಅಭ್ಯರ್ಥಿ ಆಸೆಪಟ್ಟ. ಗುಂಡು ತಲೆಯ ಮೇಲೆ ಎರಡು ಚುಕ್ಕಿ, ಒಂದು ಮೀಸೆ ಬರುತ್ತದೆ, ಅದು ಯಾರ ಮುಖ ಎಂದುಕೊಂಡರೂ ಆಗುತ್ತದೆ ಎಂದರು ಭಾಯಿ. ಮೀಸೆ ದಪ್ಪಗಿರಲಿ ಎಂದು ಅವನು ಒಪ್ಪಿದ. ಕತ್ತಿನಲ್ಲಿ ಸ್ಪ್ರಿಂಗ್ ಇಟ್ಟು, ಬೊಂಬೆ ಅಡ್ಡಡ್ಡ ತಲೆಯಾಡಿಸಿ ಬೇಡ ಎನ್ನುವ ಹಾಗೆ ಮಾಡುವುದೆಂದು ತೀರ್ಮಾನವಾಯಿತು. ಪೀಠದ ಮೇಲೆ ಏನು ಬರೆಯುವುದು? ಅಲ್ಲಿ ಮತ್ತೆ ನನ್ನೊಳಗಿನ ಸಾಹಿತಿ ತಲೆಯೆತ್ತಿದ. ಪ್ರಶ್ನೆ ಮಾತ್ರ ಬರೆಯೋಣ, ಉತ್ತರ ಬೊಂಬೆಯೇ ಕೊಡಲಿ ಎಂದೆ. ಹಾಗೆ ಪೀಠದ ಮೇಲೆ "ಡ್ರಗ್ಸ್ ಬೇಕಾ?" ಎಂದಷ್ಟೇ ಬಂತು.

ಮೊದಲ ಬೊಂಬೆ ತಯಾರಾದ ದಿನ ಭಾಯಿ ಅದನ್ನು ಲೇತಿನ ಪಕ್ಕದ ಹಲಗೆಯ ಮೇಲಿಟ್ಟು, ಬೆರಳಿನಿಂದ ತಲೆಯನ್ನು ಪಕ್ಕಕ್ಕೆ ಮೆಲ್ಲಗೆ ತಟ್ಟಿದರು. ಬೊಂಬೆ ಬೇಡ, ಬೇಡ, ಬೇಡ ಎಂದು ಸೊಗಸಾಗಿ ತಲೆಯಾಡಿಸಿತು. ಮೂವರೂ ಸರದಿಯಂತೆ ಕೇಳಿದೆವು, ಮೂವರಿಗೂ ಬೇಡ ಎಂದಿತು. ನನ್ನ ಶಿಷ್ಯ ಚಪ್ಪಾಳೆ ತಟ್ಟಿದ. ಹಲಗೆ ಮಟ್ಟವಾಗಿದೆ, ಊರು ಮಟ್ಟವಾಗಿಲ್ಲ ಎನ್ನುವುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಬೊಂಬೆಗಳು ಆಟೋಗಳ, ಖಾಸಗಿ ಬಸ್ಸುಗಳ, ಟೆಂಪೋಗಳ ಗಾಜಿನ ಹಿಂದೆ ಕೂತವು. ಜೊತೆಗೆ ನನ್ನ ಕರಪತ್ರ ಮನೆಮನೆಗೆ ಹೋಯಿತು. ಮೂರನೇ ದಿನ ನಾನು ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಹೊರಟೆ. ನಮ್ಮ ಬೀದಿಯ ಮೊದಲ ಗುಂಡಿ ಬಂತು. ಬೊಂಬೆ ಮುಂದಕ್ಕೆ ಬಾಗಿ, ಹಿಂದಕ್ಕೆ ಬಾಗಿ, ಹೂಂ ಎಂದಿತು. ಎರಡನೇ ಗುಂಡಿಗೆ ಹೂಂ, ಹೂಂ ಎಂದಿತು. ಹಂಪು ಬಂದಾಗಲಂತೂ ಎಷ್ಟಿದ್ದರೂ ಕೊಡಿ ಎನ್ನುವವನಂತೆ ಆಸೆಯಿಂದ ತಲೆಯಾಡಿಸತೊಡಗಿತು. ಅದರ ಕಾಲ ಕೆಳಗೆ ನನ್ನದೇ ಪ್ರಶ್ನೆ.

"ಮೇಷ್ಟ್ರೇ, ನಿಮ್ ಶಿಷ್ಯ ಯಾಕ್ ಹಿಂಗೆ ಆಸೆ ಬೀಳ್ತಾವ್ನೆ?" ಎಂದ ಆಟೋದವನು.

ಎರಡೇ ದಿನದಲ್ಲಿ ಊರಿಗೆಲ್ಲ ಸುದ್ದಿಯಾಯಿತು. ಬಸ್ಸಿನವರು ಇನ್ನೊಂದು ವಿಷಯ ಪತ್ತೆ ಹಚ್ಚಿದ್ದರು. ದಶಪಥ ಹೆದ್ದಾರಿ ಹತ್ತಿದ ಮೇಲೆ ಬೊಂಬೆ ಸುಮ್ಮನೆ ನಿಂತು ಯೋಚಿಸುತ್ತದಂತೆ, ತಿರುವು ಬಂದರೆ ಮಾತ್ರ ಬೇಡ ಎನ್ನುತ್ತದಂತೆ, ನಮ್ಮ ತಾಲ್ಲೂಕಿನ ರಸ್ತೆಗೆ ಇಳಿದ ಕೂಡಲೇ ಮತ್ತೆ ಹೂಂ ಶುರು. ಆ ರಸ್ತೆಗಳಿಗೆ ಡಾಂಬರು ಹಾಕಿಸುತ್ತೇನೆಂದು ಹಿಂದೆ ಹೂಂ ಎಂದವನೂ ನನ್ನ ಶಿಷ್ಯನೇ. ರಸ್ತೆ ಮಾಡಿಸಿದ್ದಿದ್ದರೆ ಬೊಂಬೆ ಮಾತು ತಪ್ಪುತ್ತಿರಲಿಲ್ಲ. ನನ್ನ ಹೆಂಡತಿ ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಭ್ಯರ್ಥಿ ಫೋನು ಮಾಡಿ, "ಸಾ, ಬೊಂಬೆ ಹೂಂ ಅಂತೈತಲ್ಲಾ ಸಾ" ಎಂದು ಅಳುವ ದನಿಯಲ್ಲಿ ಹೇಳಿದ. ನಿನ್ನ ಮುಖ ಬೇಕು ಎಂದವನು ನೀನೇ, ಗುಣವೂ ಬಂದಿದೆ ಎಂದೆ. ಪೀಠದ ಮೇಲೆ ಬೇಡ ಎಂದು ಬರೆದ ಚೀಟಿ ಅಂಟಿಸುವುದು ಸಾಧ್ಯವೇ ಎಂದು ಭಾಯಿಯನ್ನು ಕೇಳಲು ಹೇಳಿದ.

ಆದರೆ ಎರಡು ದಿನದಿಂದ ಎದುರುಮನೆಯ ಲೇತಿನ ಸದ್ದೇ ಇರಲಿಲ್ಲ. ಟೀಗೂ ಭಾಯಿ ಬಂದಿರಲಿಲ್ಲ. ಗುರುವಾರ ನಾಲ್ಕು ಗಂಟೆಗೆ ಬಂದರು. ಕೈಯಲ್ಲಿ ನಾಲ್ಕು ಮಡಿಕೆಯ ಕರಪತ್ರವಿತ್ತು. ನನ್ನ ಹೆಂಡತಿ ತಂದಿಟ್ಟ ಟೀ ಮುಟ್ಟಲಿಲ್ಲ. ತಲೆ ತಗ್ಗಿಸಿಯೇ ಮಗನ ವಿಷಯ ಹೇಳಿದರು. ಬೆನ್ನುನೋವಿಗೆ ಡಾಕ್ಟರು ಒಂದು ಮಾತ್ರೆ ಬರೆದಿದ್ದರಂತೆ. ನೋವು ಹೋದರೂ ಮಾತ್ರೆ ಹೋಗಲಿಲ್ಲ. ಚೀಟಿ ಇಲ್ಲದೆ ಕೊಡುವವರು ಸಿಕ್ಕಿದರು, ಆಮೇಲೆ ಅದಕ್ಕಿಂತ ಜೋರಾದದ್ದನ್ನು ಕೊಡುವವರು ಸಿಕ್ಕಿದರು. ಅದು ಸಿಗದ ದಿನ ಮೈ ನಡುಗುತ್ತಿತ್ತು, ವಾಂತಿಯಾಗುತ್ತಿತ್ತು. ಒಮ್ಮೆ ಬಚ್ಚಲಲ್ಲಿ ಬಿದ್ದವನನ್ನು ತಾಯಿ ನೋಡದಿದ್ದರೆ ಉಳಿಯುತ್ತಿರಲಿಲ್ಲ. ಎರಡು ವರ್ಷ ಗಂಡ ಹೆಂಡತಿ ಇಬ್ಬರೂ ಇದನ್ನು ಬೀದಿಗೆ ತಿಳಿಯದಂತೆ ಮುಚ್ಚಿಟ್ಟಿದ್ದರು, ನನಗೂ ತಿಳಿಯದಂತೆ. ಕೊನೆಗೆ ಹೋದ ವಾರ ಮಗ ತಾನಾಗಿಯೇ, ರಾಮನಗರದ ಆಸ್ಪತ್ರೆಗೆ ಹೋಗೋಣ, ಇದನ್ನು ಬಿಡಿಸುವ ಡಾಕ್ಟರು ಸೋಮವಾರ ಇರುತ್ತಾರಂತೆ ಎಂದಿದ್ದ. ಬ್ಯಾಗು ತುಂಬಿಟ್ಟಿದ್ದ.

ಅಷ್ಟರಲ್ಲಿ ಕರಪತ್ರ ಬಂತು. ಅಪ್ಪನಿಗೆ ಕನ್ನಡ ಓದಲು ಅಷ್ಟಾಗಿ ಬರುವುದಿಲ್ಲ. ಮಗನೇ ಓದಿ ಹೇಳಿದ. ಎರಡನೇ ಪ್ಯಾರಾಕ್ಕೆ ಬಂದವನು ಅರ್ಧಕ್ಕೆ ನಿಲ್ಲಿಸಿ, ಬ್ಯಾಗನ್ನು ಮತ್ತೆ ಅಟ್ಟಕ್ಕೆ ಹಾಕಿ, ಒಳಗಿನಿಂದ ಚಿಲಕ ಹಾಕಿಕೊಂಡ. ಆಸ್ಪತ್ರೆಯಲ್ಲಿ ಹೆಸರು ಬರೆಯುತ್ತಾರೆ, ಹೆಸರು ಪಟ್ಟಿಗೆ ಹೋಗುತ್ತದೆ, ಪಟ್ಟಿ ಪೊಲೀಸರಿಗೆ ಹೋಗುತ್ತದೆ, ಹೆತ್ತ ಅಬ್ಬನ ಮಾನ ಬೀದಿಗೆ ಬರುತ್ತದೆ, ನಾನು ಹೋಗುವುದಿಲ್ಲ ಎಂದನಂತೆ. ಈ ಸಲ ಹೋಗದಿದ್ದರೆ ಇನ್ನೊಂದು ಸಲ ಒಪ್ಪುವಷ್ಟು ದಿನ ಅವನು ಇರುತ್ತಾನೋ ಇಲ್ಲವೋ ಎಂಬ ಭಯ ಭಾಯಿಯ ಮುಖದಲ್ಲೇ ಇತ್ತು.

ಆ ಸಾಲುಗಳನ್ನು ಬರೆದವನು ನಾನೆಂದು ಅವರಿಗೆ ಗೊತ್ತಿರಲಿಲ್ಲ. ಅಭ್ಯರ್ಥಿ ನನ್ನ ಶಿಷ್ಯ ಎಂದಷ್ಟೇ ಗೊತ್ತು. ಕರಪತ್ರವನ್ನು ಜಗಲಿಯ ಮೇಲೆ ಬಿಡಿಸಿಟ್ಟು ಕೇಳಿದರು.

"ಮೇಷ್ಟ್ರೇ, ಈ ಪಟ್ಟೀಲಿ ನನ್ ಮಗನ್ ಹೆಸ್ರು ನೀವೇ ಬರೀತೀರಾ, ಇಲ್ಲಾ ನಾನ್ ಹೋಗಿ ಕೊಟ್ ಬರ್ಬೇಕಾ?"

ಕೋಪದಿಂದ ಕೇಳಿದ್ದರೆ ಏನಾದರೂ ಹೇಳಬಹುದಿತ್ತು. ಅವರು ವಿಚಾರಿಸುವವರ ಹಾಗೆ ಕೇಳಿದ್ದರು. ಅದು ನಾನೇ ಬರೆದದ್ದು ಎಂದು ಅಲ್ಲೇ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಾನು ಅವನ ಹತ್ತಿರ ಮಾತಾಡುತ್ತೇನೆ ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿ ಕಳಿಸಿದೆ. ಅವರು ಹೋದ ಮೇಲೆ ತಣ್ಣಗಾದ ಟೀಯನ್ನು ನಾನೇ ಕುಡಿದೆ. ನಾಚಿಕೆಯಾಯಿತು, ಆದರೂ ಕುಡಿದೆ.

ಮರುದಿನವೇ ಅಭ್ಯರ್ಥಿಯ ಕಚೇರಿಗೆ ಹೋಗಿ ಆ ಸಾಲು ತೆಗೆಸು ಎಂದೆ. ಅವನು ಅಪರೂಪಕ್ಕೆ ಹೂಂ ಎನ್ನದೆ ತಲೆ ಕೆರೆದುಕೊಂಡ. "ಸಾ, ಎಲ್ಲಾ ಕಡೆ ಚಪ್ಪಾಳೆ ಬೀಳೋದೇ ಆ ಸಾಲ್ಗೆ" ಎಂದ. ಇಲ್ಲಿ ಒಂದು ನಿಜ ಹೇಳಿಬಿಡಬೇಕು. ಎದುರುಮನೆಯ ಸಂಕಟ ಎದೆಯಲ್ಲಿ ಇಟ್ಟುಕೊಂಡು ಹೋಗಿದ್ದ ನನಗೆ, ಆ ಮಾತು ಕೇಳಿದ ಕ್ಷಣ ಒಳಗೊಳಗೇ ಖುಷಿಯಾಯಿತು. ಅಂಥ ಮನುಷ್ಯ ನಾನು. ಕೊನೆಗೆ ಅವನು, ಶನಿವಾರದ ಸಭೆಗೆ ಬನ್ನಿ, ಅಲ್ಲಿ ಏನು ಕೇಳಿದರೂ ಹೇಳುತ್ತೇನೆ ಎಂದು ನನ್ನನ್ನು ಸಾಗಹಾಕಿದ.

ಶನಿವಾರ ಸಂಜೆ ಸಮುದಾಯ ಭವನದಲ್ಲಿ ಸಭೆ. ವೇದಿಕೆಯ ಮೇಜಿನ ಮೇಲೆ ಬೊಂಬೆ ಇತ್ತು. ಮೇಜು ಅಲುಗಾಡದಂತೆ ಕಾಲುಗಳ ಕೆಳಗೆ ರಟ್ಟು ಮಡಚಿ ಇಟ್ಟಿದ್ದರು. ಅವನು ನನ್ನ ಸಾಲುಗಳನ್ನು ಕಾಗದ ನೋಡಿಕೊಂಡು ಓದಿದ, ಚಪ್ಪಾಳೆ ಬಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದರು. ನಾನು ಎದ್ದು ನಿಂತೆ. ತರಗತಿಯಲ್ಲಿ ಅವನನ್ನು ಎಬ್ಬಿಸುತ್ತಿದ್ದ ದನಿಯಲ್ಲೇ, ತಾನಾಗಿ ಆಸ್ಪತ್ರೆಗೆ ಹೋಗುವವನ ಹೆಸರು ಯಾವ ಪಟ್ಟಿಗೂ ಸೇರುವುದಿಲ್ಲ ಅಲ್ಲವೇನಯ್ಯ ಎಂದು ಕೇಳಿದೆ. ಅವನು ಅಭ್ಯಾಸಬಲದಿಂದ ಥಟ್ಟನೆ ತಲೆಯಾಡಿಸಿ ಹೂಂ ಎಂದ. ಹೆಂಗಸರ ಕಡೆಯಿಂದ ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ಅವನಿಗೇ ಆಶ್ಚರ್ಯವಾಯಿತು. ಆಮೇಲೆ ಅವನು ಅದನ್ನೇ ಎಲ್ಲ ಸಭೆಗಳಲ್ಲೂ ಹೇಳಿಕೊಂಡು ತಿರುಗಿದ ಎಂದು ಕೇಳಿದೆ. ಗೆದ್ದನೋ ಸೋತನೋ ಹೇಳಿದರೆ ಯಾರೆಂದು ಗೊತ್ತಾಗಿಬಿಡುತ್ತದೆ, ಬಿಡಿ.

ಸಭೆಯ ಹಿಂದೆ ನಿಂತಿದ್ದ ಭಾಯಿ ಆ ಹೂಂ ಅನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಮನೆಗೆ ಓಡಿದ್ದರು. ಬಾಗಿಲ ಸಂದಿಯಲ್ಲಿ ಮಗನಿಗೆ ತೋರಿಸಿದರು. ಅವನು ನೋಡಿ, ಇವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ ಅಬ್ಬಾ, ನಿನ್ನ ಬೊಂಬೆಯೂ ಆಡಿಸುತ್ತದೆ ಎಂದು ಮತ್ತೆ ಚಿಲಕ ಹಾಕಿಕೊಂಡನಂತೆ. ಇದನ್ನು ಭಾಯಿ ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ನಿಂತು ನನಗೆ ಹೇಳಿದರು. ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು. ಇನ್ನು ನಿಜ ಹೇಳಲು ಉಳಿದಿದ್ದವನು ನಾನೊಬ್ಬನೇ.

ಪಂಚೆ ಬನಿಯನ್ನಿನಲ್ಲೇ ಇದ್ದೆ. ಹಾಗೇ ಅವರ ಹಿಂದೆ ಹೋದೆ. ಲೇತಿನ ಕೋಣೆ ದಾಟಿ, ಕತ್ತು ಕೂರಿಸದ ಬೊಂಬೆಗಳ ರಾಶಿ ದಾಟಿ, ಒಳಕೋಣೆಯ ಬಾಗಿಲ ಮುಂದೆ ನಿಂತೆ. ನನ್ನ ಪಕ್ಕದಲ್ಲಿ ಭಾಯಿ ಇದ್ದರು. ಇಪ್ಪತ್ತು ವರ್ಷದ ಟೀ ಇವತ್ತಿಗೆ ಮುಗಿಯಿತು ಎಂದುಕೊಂಡೇ ಬಾಯಿ ತೆರೆದೆ.

"ನೋಡಪ್ಪಾ, ಆ ಪಟ್ಟಿ ಎಲ್ಲೂ ಇಲ್ಲ. ಅದನ್ನ ಸರ್ಕಾರ ಬರೆದಿಲ್ಲ, ಪೊಲೀಸ್ರು ಬರೆದಿಲ್ಲ. ನಿಮ್ ಎದುರುಮನೇಲಿ ಕೂತು ನಾನು ಬರೆದೆ. ಓದೋಕೆ ಚೆನ್ನಾಗಿರ್ಲಿ ಅಂತ ಬರೆದೆ."

ಭಾಯಿ ನನ್ನ ಕಡೆ ತಿರುಗಿ ನೋಡಿದರು. ಲೇತಿನ ಹತ್ತಿರ ಹೋಗಿ, ಬೆನ್ನು ತಿರುಗಿಸಿ ಕೂತುಬಿಟ್ಟರು. ಅವರು ಮತ್ತೆ ನಮ್ಮ ಜಗಲಿಗೆ ಬಂದು ಟೀ ಕುಡಿಯಲು ಎಷ್ಟೋ ವಾರಗಳೇ ಬೇಕಾದವು. ಆ ಬೆಳಿಗ್ಗೆ ಒಳಗಿನಿಂದ ಚಿಲಕ ತೆಗೆದ ಶಬ್ದವಾಯಿತು. ಹುಡುಗ ಹೊಸ್ತಿಲಲ್ಲಿ ನಿಂತ. ಎಷ್ಟು ಇಳಿದುಹೋಗಿದ್ದನೆಂದರೆ, ಬೀದಿಯಲ್ಲಿ ಕಂಡಿದ್ದರೆ ನನಗೆ ಗುರುತು ಹತ್ತುತ್ತಿರಲಿಲ್ಲ. ಇಷ್ಟು ದಿನ ಅವನು ಯಾವ ಠಾಣೆಯನ್ನು, ಯಾವ ದೊಡ್ಡ ಅಧಿಕಾರಿಯನ್ನು ನೆನೆದು ಹೆದರಿದ್ದನೋ ಏನೋ. ಬಾಗಿಲು ತೆಗೆದು ನೋಡಿದರೆ ಹರಿದ ಬನಿಯನ್ನಿನ ಮೇಷ್ಟ್ರು.

"ನೀವಾ?" ಎಂದ. ನಾನು ತಲೆ ತಗ್ಗಿಸಿದೆ.

"ಚೆನ್ನಾಗೇ ಬರ್ದಿದೀರಿ ಮೇಷ್ಟ್ರೇ. ನಂಗೆ ಬಾಯಿಪಾಠ ಆಗೋಗೈತೆ."

ಹೇಳಿಯೂ ಬಿಟ್ಟ. ನಿಮ್ಮ ಬೀದಿಯ ವ್ಯಸನಿ ಯಾರೆಂದು ನಿಮಗೆ ಗೊತ್ತು ಎನ್ನುವಲ್ಲಿಂದ ಹಿಡಿದು ಕೊನೆಯವರೆಗೆ, ಒಂದಕ್ಷರ ತಪ್ಪಿಲ್ಲದೆ, ಮೆಲ್ಲಗೆ, ಗೋಡೆ ಹಿಡಿದುಕೊಂಡು. ಅಷ್ಟು ವರ್ಷ ಪಾಠ ಮಾಡಿದ್ದೇನೆ, ನಾನು ಹೇಳಿಕೊಟ್ಟದ್ದನ್ನು ಇಷ್ಟು ಚೆನ್ನಾಗಿ ಒಪ್ಪಿಸಿದವರು ಇನ್ನೊಬ್ಬರಿಲ್ಲ. ನನಗೆ ಅಳು ಬಂತು. ಅವನು ನಕ್ಕ. ಬೆದರಿಸಿದ್ದು ಯಾರೆಂದು ಗೊತ್ತಾದ ಮೇಲೆ ಬರುವ ನಗು ಅದು. ಆಮೇಲೆ ತಾಯಿಯನ್ನು ಕೂಗಿ, ಅಟ್ಟದಿಂದ ಬ್ಯಾಗು ಇಳಿಸಲು ಹೇಳಿದ.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂರುವಷ್ಟು ಶಕ್ತಿ ಅವನಿಗಿರಲಿಲ್ಲ. ರಾಮನಗರದವರೆಗೂ ಆಟೋ ಮಾಡಿಕೊಂಡೆವು. ನಾನೂ ಬರುತ್ತೇನೆ ಎಂದಾಗ ಭಾಯಿ ಬೇಡವೆನ್ನಲಿಲ್ಲ, ಬನ್ನಿ ಎನ್ನಲೂ ಇಲ್ಲ. ಅವರು ಡ್ರೈವರಿನ ಪಕ್ಕ ಒತ್ತರಿಸಿಕೊಂಡು ಕೂತರು, ನಾವಿಬ್ಬರು ಹಿಂದೆ. ಬ್ಯಾಗು ಅವನ ತೊಡೆಯ ಮೇಲಿತ್ತು. ಗಾಜಿನ ಹಿಂದೆ ಅಪ್ಪ ಮಾಡಿದ ಬೊಂಬೆ, ದಪ್ಪ ಮೀಸೆ ಇಟ್ಟುಕೊಂಡು ನಮ್ಮ ಕಡೆಗೇ ಮುಖ ಮಾಡಿ ನಿಂತಿತ್ತು. ಅದರ ಕಾಲ ಕೆಳಗಿನ ಅಕ್ಷರ ನೋಡಲು ನನಗೆ ಮನಸ್ಸಾಗಲಿಲ್ಲ.

ಊರು ದಾಟುವಾಗ ಹುಡುಗ ಕೇಳಿದ. "ಮೇಷ್ಟ್ರೇ, ನಂಗೆ ವಾಸಿ ಆಯ್ತದಾ?"

ಯಾವುದಕ್ಕೂ ಒಂದು ವಾಕ್ಯ ಜೋಡಿಸಬಲ್ಲವನಿಗೆ ಆಗ ಒಂದೂ ಸಿಗಲಿಲ್ಲ. ಗೊತ್ತಿಲ್ಲದ್ದನ್ನು ಹೇಳುವ ಧೈರ್ಯ ಹೋಗಿತ್ತು. ಅಷ್ಟರಲ್ಲಿ ಆಟೋ ಒಂದು ಗುಂಡಿಗೆ ಇಳಿದು ಎದ್ದಿತು. ಬೊಂಬೆ ಹೂಂ ಎಂದಿತು. ಇನ್ನೊಂದು ಗುಂಡಿ ಬಂತು, ಮತ್ತೆ ಹೂಂ, ಹೂಂ ಎಂದಿತು. ಆ ಬೊಂಬೆಯಿಂದಾದ ನಗೆಪಾಟಲೆಲ್ಲ ನೆನಪಾಯಿತೇನೋ, ಭಾಯಿ ಕೈ ಚಾಚಿ ಅದರ ತಲೆಯನ್ನು ಹಿಡಿದು ನಿಲ್ಲಿಸಲು ಹೋದರು.

ಮಗ ಹಿಂದಿನಿಂದ ಅವರ ಭುಜ ಮುಟ್ಟಿದ.

"ಬುಡಿ ಅಬ್ಬಾ, ಹೂಂ ಅನ್ಲಿ."

ಭಾಯಿ ಕೈ ಹಿಂದಕ್ಕೆ ತೆಗೆದುಕೊಂಡರು. ರಾಮನಗರದವರೆಗೂ ರಸ್ತೆ ಹಾಗೇ ಇತ್ತು.